ಮೆಷಿನ್ ನಿಂತಿದೆ, ಸ್ಪ್ಯಾನರ್ ಎಲ್ಲಿ?

ಮದುವೆ ಮನೆಯಲ್ಲಿ ಊಟದ ಪಂಕ್ತಿ ಬದಲಾಗುವುದನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ ಗೆಳೆಯರೇ? ನೋಡಿರಲಿಕ್ಕಿಲ್ಲ. ನಿಮ್ಮ ಕಣ್ಣು ಖಾಲಿಯಾಗುವ ಕುರ್ಚಿಯ ಮೇಲಿರುತ್ತದೆ! ಮುಂದಿನ ಸಲ ನೋಡಿ. ಮೊದಲ ಪಂಕ್ತಿಯವರು ಮಜ್ಜಿಗೆಗೆ ಬರುವ ಹೊತ್ತಿಗೆ ಒಳಗೆ ಎರಡನೇ ಪಂಕ್ತಿಯ ಎಲೆ ತೊಳೆದು, ಒರೆಸಿ, ಜೋಡಿಸಿಟ್ಟು ಆಗಿರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಕೆಟ್ಟಿಗೆ ತುಂಬಿರುತ್ತದೆ. ಜನ ಎದ್ದರೋ ಇಲ್ಲವೋ, ಒಬ್ಬ ಎಂಜಲೆಲೆ ಎತ್ತುತ್ತಾನೆ, ಅವನ ಹಿಂದೆಯೇ ಒಬ್ಬ ಟೇಬಲ್ ಮೇಲೆ ಪೇಪರ್ ಹಾಸುತ್ತಾನೆ, ಅವನ ಹಿಂದೆ ಎಲೆ, ಎಲೆಯ ಹಿಂದೆ ನೀರು. ಐದಾರು ನಿಮಿಷ, ಅಷ್ಟೇ. ಯಾರೂ ಓಡುವುದಿಲ್ಲ. ಜನ ಎದ್ದ ಮೇಲೆ ಎಲೆ ತೊಳೆಯಲು ಕೂತರೆ ಏನಾಗುತ್ತದೆ ಹೇಳಿ? ಬೀಗರು ಎದ್ದು ಹೋಗುತ್ತಾರೆ.

ಕಾರ್ಖಾನೆಯಲ್ಲಿ ಒಂದು ಮಾಲು ಮುಗಿದು ಇನ್ನೊಂದು ಮಾಲಿಗೆ ಯಂತ್ರವನ್ನು ಬದಲಿಸುವುದೂ ಇದೇ ಕೆಲಸ. ಅಚ್ಚು ಬಿಚ್ಚಬೇಕು, ಹೊಸ ಅಚ್ಚು ಕೂರಿಸಬೇಕು, ಅಳತೆ ಹೊಂದಿಸಬೇಕು. ಅಷ್ಟು ಹೊತ್ತೂ ಯಂತ್ರ ದಂಡಕ್ಕೆ ನಿಂತಿರುತ್ತದೆ. ಈ ಹೊತ್ತನ್ನು ಇಳಿಸುವುದನ್ನು ಕೆಲಸಗಾರರಿಗೆ ಕಲಿಸುವುದು ಈಗ ಪೀಣ್ಯದಿಂದ ಬಿಡದಿಯವರೆಗೆ ದೊಡ್ಡ ತರಬೇತಿ. ಕಲಿಸುವುದು ಯಾವ ಭಾಷೆಯಲ್ಲಿ? ಅದನ್ನು ಕೇಳಲಿಕ್ಕೇ ನಾನು ಬರೆಯಲು ಕೂತಿದ್ದು.

ನಾನು ಶಿಕಾರಿಪುರದಲ್ಲಿ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಅಪ್ಪನ ಕಾಲದ ಟ್ರೆಡಲ್ ಈಗ ನಂಬರಿಂಗ್‌ಗೆ, ಪರ್ಫೊರೇಷನ್‌ಗೆ ಮಾತ್ರ. ದುಡಿಯುವುದು ಒಂದು ಹಳೆಯ ಮಿನಿ ಆಫ್‌ಸೆಟ್. ಸೊರಬದ ಕೆಲಸ ಬಾಮೈದನ ಜೆರಾಕ್ಸ್ ಅಂಗಡಿಯಿಂದ ಬರುತ್ತದೆ. ಲಗ್ನಪತ್ರಿಕೆ, ಗೃಹಪ್ರವೇಶ, ಅಡಿಕೆ ಮಂಡಿಯ ಬಿಲ್ ಬುಕ್, ಜಾತ್ರೆ ಕರಪತ್ರ. 500 ಪ್ರತಿ, ಹೆಚ್ಚೆಂದರೆ 1000. 500 ಕಾರ್ಡ್ ಓಡಲು ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷಕ್ಕೆ ಮುಂಚೆ ಪ್ಲೇಟ್ ಬದಲಿಸಿ, ರೋಲರ್ ತೊಳೆದು, ಇಂಕು ಬದಲಿಸಿ, ಫೀಡರ್ ಹೊಂದಿಸುವುದಕ್ಕೆ ಒಂದು ಗಂಟೆ! ದೊಡ್ಡ ಊರಿನ ಪ್ರೆಸ್ಸಿಗೆ ಲಕ್ಷದ ಆರ್ಡರ್ ಇರುತ್ತದೆ, ಈ ಒಂದು ಗಂಟೆ ಅದರಲ್ಲಿ ಮುಳುಗಿ ಹೋಗುತ್ತದೆ. ನಮ್ಮಂಥ ಸಣ್ಣ ಊರಿನವರು ಬದುಕುವುದೂ ಸಾಯುವುದೂ ಈ ಒಂದು ಗಂಟೆಯಲ್ಲೇ.

ಆ ಮೆಷಿನ್ ಸೆಕೆಂಡ್ ಹ್ಯಾಂಡ್ ತಂದಾಗ ಮಾರಿದವರು ಒಬ್ಬ ಫಿಟ್ಟರನ್ನು ಕಳಿಸಿದ್ದರು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವನು. ಎರಡು ದಿನ ಹಿಂದಿಯಲ್ಲಿ ಕಲಿಸಿದ. ಪುಸ್ತಕ ಇಂಗ್ಲಿಷಿನಲ್ಲಿತ್ತು. ನಮ್ಮ ಹುಡುಗ ಎಲ್ಲದಕ್ಕೂ ತಲೆಯಾಡಿಸಿದ. ಪಕ್ಕದಲ್ಲಿ ನಿಂತು ನಾನೂ ಆಡಿಸಿದೆ, ಓನರ್ ಅಲ್ಲವೇ, ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದಲ್ಲ! ಫಿಟ್ಟರ್ ಬಸ್ ಹತ್ತಿದ. ನಾಲ್ಕನೇ ದಿನ ತೆಳು ಕಾಗದದಿಂದ ದಪ್ಪ ಕಾರ್ಡಿಗೆ ಬದಲಿಸುವಾಗ ಪ್ರೆಷರ್ ಸಡಿಲಿಸುವುದನ್ನು ಹುಡುಗ ಬಿಟ್ಟ. ಹೊಸ ಬ್ಲಾಂಕೆಟ್ ಜಜ್ಜಿ ಹೋಯಿತು. ನಾನು ಬಾಯಿಗೆ ಬಂದಂತೆ ಬೈದೆ. ಅವನು ತಲೆ ಬಗ್ಗಿಸಿ, “ಅಣ್ಣಾ, ಅವ್ರು ಅದನ್ನ ಹೇಳಿರಬೇಕು. ನಂಗೆ ತಿಳೀಲಿಲ್ಲ. ನೀವು ಹೂಂ ಅಂದ್ರಲ್ಲ, ಕೇಳೋಕೆ ನಾಚಿಕೆ ಆಯ್ತು” ಅಂದ. ಆವತ್ತು ಬೈಸಿಕೊಳ್ಳಬೇಕಾಗಿದ್ದವನು ಯಾರು ಅಂತ ನೀವೇ ಹೇಳಿ.

ಇದನ್ನು ಮರೆತೇಬಿಟ್ಟಿದ್ದೆ. ಒಂದು ಯುಗಾದಿಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಗಾಡಿಯ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ನನ್ನ ಪ್ರೆಸ್ ಅಲ್ಲ, ತಗಡು ಒತ್ತುವ ಪ್ರೆಸ್. “ಮಾವಾ, ನಮ್ಗೆ ಸ್ಮೆಡ್ ಅಂತ ಒಂದು ಕ್ಲಾಸ್ ಮಾಡಿದ್ರು. ಎರಡು ಗಂಟೆ ಇಂಗ್ಲಿಷಲ್ಲಿ ಸ್ಲೈಡ್ ತೋರಿಸಿದ್ರು. ಸಮೋಸ ಕೊಟ್ರು. ಸೈನ್ ತಗೊಂಡ್ರು. ಮಾರನೇ ದಿನದಿಂದ ಸೂಪರ್‌ವೈಸರ್ ಗಡಿಯಾರ ಹಿಡ್ಕೊಂಡು ಹಿಂದೆ ನಿಂತ್ಕೊತಾನೆ, ಬೇಗ ಬೇಗ ಅಂತಾನೆ” ಅಂದ. ಹಾಗಾದರೆ ಕಲಿತದ್ದೇನು? “ಓಡೋದು!”

ಓಡುವುದಂತೆ! ಈ ವಿದ್ಯೆಯನ್ನು ಕಟ್ಟಿದ ಮನುಷ್ಯ ಓಡಿ ಅಂತ ಹೇಳಿಯೇ ಇರಲಿಲ್ಲ.

ಆತನ ಹೆಸರು ಶಿಗಿಯೊ ಶಿಂಗೊ, ಜಪಾನಿನವನು. 1950ರಲ್ಲಿ ಹಿರೋಷಿಮಾದ ಟೊಯೊ ಕೊಗ್ಯೊ ಕಾರ್ಖಾನೆಗೆ ಹೋಗಿದ್ದ, ಇವತ್ತಿನ ಮಜ್ದಾ ಕಂಪನಿ ಅದು. ದೊಡ್ಡ ಪ್ರೆಸ್‌ಗಳು ಸಾಲುತ್ತಿಲ್ಲ, ಹೊಸದು ಬೇಕು ಅಂತ ಅಲ್ಲಿಯವರು ಹೇಳುತ್ತಿದ್ದರು. ಈತ ನಿಂತು ನೋಡಿದ. 800 ಟನ್ನಿನ ಪ್ರೆಸ್ಸಿನ ಅಚ್ಚು ಬದಲಿಸುವಾಗ ಒಬ್ಬ ಕೆಲಸಗಾರ ಮಾಯವಾದ. ಒಂದು ಗಂಟೆಯ ಮೇಲಾದರೂ ಪತ್ತೆಯಿಲ್ಲ. ಕಡೆಗೆ ಬೆವರು ಸುರಿಸಿಕೊಂಡು ಬಂದ. ಏನಪ್ಪಾ ಅಂದರೆ ಒಂದು ಬೋಲ್ಟ್ ಕಾಣೆ! ಇಡೀ ಕಾರ್ಖಾನೆ ಹುಡುಕಿ, ಇನ್ನೊಂದು ಅಚ್ಚಿನ ಉದ್ದನೆಯ ಬೋಲ್ಟ್ ತಂದು, ಕತ್ತರಿಸಿ, ಥ್ರೆಡ್ ಹಾಕಿಸಿಕೊಂಡು ಬಂದಿದ್ದ. ಹಾಗಾದರೆ ಆ ಇನ್ನೊಂದು ಅಚ್ಚಿನ ಗತಿ?

ಅಲ್ಲಿಂದ ಶಿಂಗೊಗೆ ಹೊಳೆದದ್ದು ನಮ್ಮ ಪಂಕ್ತಿಯ ಲೆಕ್ಕವೇ. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಬೇರೆ, ಯಂತ್ರ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಬೇರೆ. ಎರಡನ್ನೂ ಬಿಡಿಸು. ಆಮೇಲೆ ಮೊದಲನೆಯದರಲ್ಲಿ ಎಷ್ಟನ್ನು ಎರಡನೆಯದಕ್ಕೆ ದಾಟಿಸಬಹುದು ನೋಡು. ಬೋಲ್ಟ್ ಬಿಗಿಯುವುದು ಅದರ ಕೊನೆಯ ಸುತ್ತಿನಲ್ಲಿ, ಉಳಿದ ಸುತ್ತೆಲ್ಲ ದಂಡ, ಅದಕ್ಕೇನಾದರೂ ಮಾಡು. 1969ರಲ್ಲಿ ಟೊಯೊಟಾದಲ್ಲಿ 1000 ಟನ್ನಿನ ಪ್ರೆಸ್ ಬದಲಿಸಲು 4 ಗಂಟೆ ಹಿಡಿಯುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಅಂಥದ್ದನ್ನೇ 2 ಗಂಟೆಯಲ್ಲಿ ಮುಗಿಸುತ್ತಿತ್ತು. ಶಿಂಗೊ ಮತ್ತು ಅಲ್ಲಿಯ ಕೆಲಸಗಾರರು ಆರು ತಿಂಗಳಲ್ಲಿ 90 ನಿಮಿಷಕ್ಕೆ ತಂದರು. ಆಡಳಿತದವರು 3 ನಿಮಿಷ ಮಾಡಿ ಅಂದರು. ಮೂರೇ ತಿಂಗಳಲ್ಲಿ ಅದೂ ಆಯಿತು. ಇದೇ ಟೊಯೊಟಾ ನಮ್ಮ ಬಿಡದಿಯಲ್ಲಿ ಗಾಡಿ ಮಾಡಲು ಶುರು ಮಾಡಿದ್ದು 1999ರ ಡಿಸೆಂಬರಿನಲ್ಲಿ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಸ್ಮೆಡ್ ಅನ್ನುವುದು ಇಂಗ್ಲಿಷಿನ ಅಕ್ಷರಗಳು. ಜಪಾನಿನ ಕೆಲಸಗಾರ ಅದನ್ನು ‘ದಾಂದೋರಿ’ ಅನ್ನುತ್ತಾನೆ. ಅದೇನು ಇಂಜಿನಿಯರ್ ಪದವಲ್ಲ. ಹಬ್ಬಕ್ಕೆ, ಪ್ರಯಾಣಕ್ಕೆ, ಅಡುಗೆಗೆ ಮುಂಚಿತವಾಗಿ ಮಾಡಿಕೊಳ್ಳುವ ಏರ್ಪಾಡಿಗೆ ಅವರ ಮನೆಯಲ್ಲಿ ಆಡುವ ಮಾತು. ಯಂತ್ರ ನಿಲ್ಲಿಸಿ ಮಾಡುವುದು ಒಳಗಿನ ದಾಂದೋರಿ, ಓಡುತ್ತಿರುವಾಗ ಮಾಡುವುದು ಹೊರಗಿನ ದಾಂದೋರಿ. ಅಜ್ಜಿಗೂ ಅರ್ಥವಾಗುತ್ತದೆ! ನಮ್ಮಲ್ಲಿ ಪದ ಇಲ್ಲವೇ? ‘ಅಣಿ’ ಅಂತ ಎಂಥ ಚೆಂದದ ಮಾತಿದೆ. ಒಳ ಅಣಿ, ಹೊರ ಅಣಿ. ನಮ್ಮ ಹುಡುಗರಿಗೆ ‘ಇಂಟರ್ನಲ್ ಸೆಟಪ್, ಎಕ್ಸ್‌ಟರ್ನಲ್ ಸೆಟಪ್’ ಅಂತ ಹೇಳಿ ಸಮೋಸ ಕೊಟ್ಟು ಕಳಿಸುತ್ತಾರೆ.

ಅಳಿಯ ಹೇಳಿದ್ದು ಕೇಳಿ, ಒಂದಿಷ್ಟು ಓದಿ, ನನ್ನ ಪ್ರೆಸ್ಸಿನಲ್ಲೇ ನೋಡೋಣ ಅನ್ನಿಸಿತು. ನಾವಿರುವುದು ನಾಲ್ಕು ಜನ. ಒಂದು ದಿನ ಫೋನನ್ನು ಕಿಟಕಿಗೆ ಒರಗಿಸಿಟ್ಟು ಒಂದು ಬದಲಾವಣೆಯನ್ನು ಮೊದಲಿಂದ ಕಡೆತನಕ ವಿಡಿಯೋ ಮಾಡಿದೆವು. ಸಂಜೆ ಚಹಾ ಕುಡಿಯುತ್ತಾ ಎಲ್ಲರೂ ಕೂತು ನೋಡಿದೆವು. ನಗು ಬಂತು, ಆಮೇಲೆ ನಾಚಿಕೆ ಬಂತು. 55 ನಿಮಿಷದಲ್ಲಿ ಮೆಷಿನ್ ಮುಟ್ಟಿದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಓಡಾಟ! ಸ್ಪ್ಯಾನರ್ ಎಲ್ಲಿ, ಬಟ್ಟೆ ಎಲ್ಲಿ, ಸೀಮೆಎಣ್ಣೆ ಡಬ್ಬ ಯಾರು ಒಯ್ದರು, ಶಿವಮೊಗ್ಗದಿಂದ ಪ್ಲೇಟ್ ತಂದ ಬಸ್ಸು ಬಂತೋ ಇಲ್ಲವೋ. ಒಂದು ಕಡೆ ನಾನೇ ಬಂದು ಮೆಷಿನ್‌ಮನ್ ಜೊತೆ ಅಡಿಕೆ ರೇಟು ಮಾತಾಡುತ್ತಾ ಐದು ನಿಮಿಷ ನಿಂತಿದ್ದೇನೆ!

ಬಾಯಿ ಬಿಟ್ಟದ್ದು ಮಾತ್ರ ಮೆಷಿನ್‌ಮನ್ ಅಲ್ಲ, ಬೈಂಡಿಂಗ್ ಮಾಡುವ ಅಕ್ಕ. “ಕಾಗದ ಕಟಿಂಗು ಹಿಂದಿನ ಸಂಜೆನೇ ಮಾಡಿಟ್ರೆ ಎಂತ ಆಗ್ತದೆ? ಕೆಂಪು ಕಾರ್ಡೆಲ್ಲ ಒಟ್ಟಿಗೆ ಹೊಡೆದ್ರೆ ರೋಲರ್ ತೊಳೆಯೋದು ಉಳೀತದಲ್ಲ” ಅಂದರು. ಆರು ವರ್ಷದಿಂದ ನಮ್ಮಲ್ಲಿದ್ದಾರೆ. ಯಾಕಕ್ಕಾ ಇಷ್ಟು ದಿನ ಹೇಳಲಿಲ್ಲ ಅಂದೆ. “ಕೇಳಿದ್ಯಾರು?” ಅಂದರು. ಈಗ ಮೊದಲು ಹಳದಿ, ಆಮೇಲೆ ಕೆಂಪು, ಕಡೆಗೆ ಕಪ್ಪು. ತಿಳಿಯಿಂದ ಗಾಢಕ್ಕೆ ಹೋದರೆ ತೊಳೆಯುವ ಕೆಲಸ ಕಡಿಮೆ. ಫೀಡರಿನ ಸೈಡ್ ಗೈಡಿಗೆ ನಾವು ಪದೇ ಪದೇ ಬಳಸುವ ಮೂರು ಅಳತೆಗೆ ಗುರುತು ಹಾಕಿದ್ದು ಆ ಅಕ್ಕನ ಮಗಳ ಉಗುರು ಬಣ್ಣದಲ್ಲಿ. ಸ್ಪ್ಯಾನರಿಗೆ ಗೋಡೆಯ ಮೇಲೆ ಅದರದ್ದೇ ಆಕಾರ ಬರೆದು ಮೊಳೆ ಹೊಡೆದೆವು. ಖಾಲಿ ಇದ್ದರೆ ಕಾಣುತ್ತದೆ. ‘ದಪ್ಪ ಕಾರ್ಡಾ? ಪ್ರೆಷರ್ ಸಡಿಲಿಸು’ ಅನ್ನುವುದು ಹಾಳೆಯ ಮೊದಲ ಸಾಲು. ಬರೆದದ್ದು ಬ್ಲಾಂಕೆಟ್ ಜಜ್ಜಿದ ಹುಡುಗನೇ, ಅವನ ಅಕ್ಷರದಲ್ಲೇ. ಈಗ 20 ನಿಮಿಷದಲ್ಲಿ ಮುಗಿಯುತ್ತದೆ. ಕೆಲವು ದಿನ 25. ಟೊಯೊಟಾದ 3 ನಿಮಿಷ ನಮಗೆ ಬೇಡ ಬಿಡಿ.

ಒಂದು ಮಾತು ಮುಚ್ಚಿಡಬಾರದು. ವಿಡಿಯೋ ತೆಗೆಯುವ ಮುಂಚೆ ಮೆಷಿನ್‌ಮನ್ ನನ್ನನ್ನು ಪಕ್ಕಕ್ಕೆ ಕರೆದು, “ಹೊತ್ತು ಉಳಿದ್ರೆ ಯಾರನ್ನ ಬಿಡಿಸ್ತೀರಿ?” ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಯಾರನ್ನೂ ಬಿಡಿಸುವುದಿಲ್ಲ ಅಂತ ನಾಲ್ವರ ಮುಂದೆ ಹೇಳಿದ ಮೇಲೆಯೇ ಅವನು ತನ್ನ ಕೈಚಳಕ ತೋರಿಸಿದ್ದು. ಉಳಿದ ಹೊತ್ತಿನಲ್ಲಿ ಸೊರಬದ ಸಣ್ಣ ಕೆಲಸ ಹೆಚ್ಚು ಹಿಡಿಯುತ್ತೇವೆ. ಮೊದಲು ‘200 ಪ್ರತಿನಾ, ಆಗಲ್ಲ ಹೋಗಿ’ ಅನ್ನುತ್ತಿದ್ದೆ. ಇನ್ನೊಂದು: ಹುಮ್ಮಸ್ಸಿನಲ್ಲಿ ಹುಡುಗ ಒಮ್ಮೆ ಓಡುವ ಮೆಷಿನ್ನಿನ ಬ್ಲಾಂಕೆಟ್ ಒರೆಸಲು ಕೈ ಹಾಕಿದ. ಕಿರುಚಿ ನಿಲ್ಲಿಸಿದೆ. ಟ್ರೆಡಲ್ ಕಾಲದ ಹಿರಿಯರ ಬೆರಳು ನೋಡಿ ಬೆಳೆದವನು ನಾನು. ಗಡಿಯಾರ ಹಿಡಿದು ಹಿಂದೆ ನಿಲ್ಲುವ ಸೂಪರ್‌ವೈಸರಿಗೆ ಇದು ಗೊತ್ತಿದೆಯೇ?

ಬೋರ್ಡಿನ ಮೇಲೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಾಯಿತು. ಸಂತೋಷ. ಆ ಬೋರ್ಡ್ ದಾಟಿ ಒಳಗೆ ಹೋಗಿ. ಯಂತ್ರದ ಪಕ್ಕ ಅಂಟಿಸಿದ ಹಾಳೆಯಲ್ಲಿ ಎಷ್ಟು ಭಾಗ ಕನ್ನಡವಿದೆ? 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮು, ಕಾಯ್ದೆಯಡಿ ಹಾಕುವ ನೋಟಿಸುಗಳು ಇಂಗ್ಲಿಷ್ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು ಅನ್ನುತ್ತಿತ್ತು. ಅದು ನೋಟಿಸಿಗೆ. ಅಚ್ಚು ಬದಲಿಸುವ ಹಾಳೆಗೆ ಅಲ್ಲ, ಸಮೋಸ ಕ್ಲಾಸಿಗೂ ಅಲ್ಲ. ಮಹಿಷಿ ವರದಿ 1986ರಲ್ಲಿ ಬಂತು. ಕನ್ನಡಿಗರಿಗೆ ಕೆಲಸ ಕೊಡಿ ಅಂತ ಬೀದಿಗಿಳಿದೆವು, ಸರಿಯಾಗಿಯೇ ಇಳಿದೆವು. ಕೆಲಸ ಸಿಕ್ಕವನಿಗೆ ಕೆಲಸವನ್ನು ಯಾವ ಭಾಷೆಯಲ್ಲಿ ಕಲಿಸುತ್ತೀರಿ ಅಂತ ಅಷ್ಟೇ ಜೋರಾಗಿ ಕೇಳಿದೆವಾ? ಹೀಗೆ ತಲೆಯಾಡಿಸಿದವನೇ ನಾಳೆ ‘ಲೋಕಲ್‌ಗಳಿಗೆ ಕೆಲಸ ಬರಲ್ಲ’ ಅನ್ನಿಸಿಕೊಳ್ಳುತ್ತಾನೆ. ಪಕ್ಕದ ಯಂತ್ರದಲ್ಲಿ ಬಿಹಾರದ ಹುಡುಗನಿದ್ದರೆ ಅವನಿಗೂ ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಲಿ, ನನ್ನ ತಕರಾರಿಲ್ಲ. ಇದನ್ನು ಓದಿ ನಮ್ಮವರೇ ಕೆಲವರು ಸಿಟ್ಟಾಗಬಹುದು, ಆಗಲಿ. ಬೆರಳು ಎಲ್ಲರದ್ದೂ ಬೆರಳೇ.

ಬಿಡದಿಯ ಟೊಯೊಟಾದವರು 2007ರಿಂದ ಅಲ್ಲಿ ತಾಂತ್ರಿಕ ತರಬೇತಿ ಶಾಲೆ ನಡೆಸುತ್ತಿದ್ದಾರೆ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತಾರೆ. ಮೂರು ವರ್ಷ! ಈ ವಿದ್ಯೆ ಹುಟ್ಟಿದ ಮನೆಯವರಿಗೇ ಅಷ್ಟು ಬೇಕು. ನಮ್ಮವರಿಗೆ ಎರಡು ಗಂಟೆ ಸಾಕಂತೆ.

ಪೀಣ್ಯ, ಬೊಮ್ಮಸಂದ್ರ, ಬಿಡದಿಯಲ್ಲಿ ದುಡಿಯುವ ತಮ್ಮಂದಿರೇ, ತಂಗಿಯರೇ, ಮುಂದಿನ ಸಲ ಕ್ಲಾಸಿಗೆ ಕರೆದರೆ ಸೈನ್ ಹಾಕುವ ಮುಂಚೆ ಕೈ ಎತ್ತಿ. ತಿಳಿಯಲಿಲ್ಲ ಅನ್ನಿ. ಕನ್ನಡದಲ್ಲಿ ಹೇಳಿ ಅನ್ನಿ. ಹೇಳಿಕೊಡಲು ಬರದಿದ್ದರೆ ನಿಮ್ಮ ಪಾಳಿಯ ಹಿರಿಯ ಸೆಟ್ಟರನ್ನು ಮುಂದೆ ನಿಲ್ಲಿಸಿ, ಅವರಿಗೆ ಗೊತ್ತಿರುತ್ತದೆ. ಹಾಳೆಯನ್ನು ನೀವೇ ಕನ್ನಡದಲ್ಲಿ ಬರೆದು ಕೊಡಿ. ನಮ್ಮ ಗೋಡೆಯ ಹಾಳೆ ಮಾದರಿಗೆ ಬೇಕಿದ್ದರೆ ಶಿಕಾರಿಪುರಕ್ಕೆ ಬನ್ನಿ, ಒಂದು ಪ್ರತಿ ಹೊಡೆದು ಕೊಡುತ್ತೇನೆ. ಲಗ್ನದ ಸೀಸನ್ನಿನಲ್ಲಿ ಮಾತ್ರ ಬರಬೇಡಿ, ಕೂರಲು ಜಾಗ ಇರುವುದಿಲ್ಲ.