ಚಂಚಲಚಿತ್ತರೂ ಲೇಖನಿಯೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪಾಠಶಾಲೆಗಳಲ್ಲಿ ಇಂತಹ ಬಾಲಕರು ಅಪರೂಪವಲ್ಲ. ಲೆಕ್ಕವನ್ನು ಅರ್ಧಕ್ಕೇ ಬಿಟ್ಟೇಳುವರು, ಪುಸ್ತಕವನ್ನು ಕಳೆಯುವರು, ಉಪಾಧ್ಯಾಯರು ಪ್ರಶ್ನೆಯನ್ನು ಮುಗಿಸುವ ಮೊದಲೇ ಉತ್ತರವನ್ನು ಕೂಗುವರು. ಆದರೆ ಊರ ತೇರಿನ ಕಥೆಯನ್ನು ಹೇಳತೊಡಗಿದರೆ ಹಿರಿಯರೂ ನಿಂತು ಕೇಳಬೇಕು. ಇವರಿಗೆ ನಾವು ಕೊಡುತ್ತ ಬಂದಿರುವ ಬಿರುದು ‘ದಂಡಪಿಂಡ’ ಎಂಬುದು.

ಇದು ಸೋಮಾರಿತನವೂ ಅಲ್ಲ, ತಾಯಿತಂದೆಗಳ ಮುದ್ದಿನ ಫಲವೂ ಅಲ್ಲ. 1902ರಲ್ಲಿಯೇ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ವೈದ್ಯರು ಇಂತಹ ಮಕ್ಕಳ ವಿಚಾರವಾಗಿ ಉಪನ್ಯಾಸಗಳನ್ನಿತ್ತರು. ಮಿದುಳಿನ ಬೆಳವಣಿಗೆಗೆ ಸೇರಿದ, ಬಹುಮಟ್ಟಿಗೆ ವಂಶಾನುಗತವಾದ ಈ ಸ್ಥಿತಿಗೆ ಈಗ ಎ.ಡಿ.ಎಚ್.ಡಿ. ಎಂದು ಹೆಸರು, ಎಂದರೆ ಅವಧಾನದ ಕೊರತೆ ಮತ್ತು ಅತಿಚಟುವಟಿಕೆ. ಹೆಣ್ಣುಮಕ್ಕಳಲ್ಲಿ ಅದು ಗದ್ದಲವಿಲ್ಲದೆ ಬರಿಯ ಅನ್ಯಮನಸ್ಕತೆಯಾಗಿದ್ದು ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು.

ಈ ಸ್ಥಿತಿಯೇ ಸಾಹಿತ್ಯಶಕ್ತಿಯೆನ್ನುವವರೂ ಇದ್ದಾರೆ. ಅಷ್ಟು ದೂರ ಹೋಗಲು ನಾವು ಸಿದ್ಧರಿಲ್ಲ. 2006ರಲ್ಲಿ ಅಮೆರಿಕಾದ ಹಾಲಿ ವೈಟ್, ಪ್ರೀತಿ ಶಾ ಎಂಬ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂತಹ ವಯಸ್ಕರು ಒಂದು ವಸ್ತುವಿಗೆ ಹೊಸ ಹೊಸ ಉಪಯೋಗಗಳನ್ನು ಕಲ್ಪಿಸುವುದರಲ್ಲಿ ಮುಂದಾದರು. ಹಲವು ಮಾತುಗಳನ್ನು ಬೆಸೆಯುವ ಒಂದೇ ಉತ್ತರವನ್ನು ಹುಡುಕುವುದರಲ್ಲಿ ಹಿಂದೆ ಬಿದ್ದರು. ಕಥೆಗೂ ಇದೇ ಗತಿ: ಹುಟ್ಟುವುದು ಸುಲಭ, ಮುಗಿಯುವುದು ಕಷ್ಟ. ನಮ್ಮ ಅಷ್ಟಾವಧಾನದಲ್ಲಿ ಅಪ್ರಸ್ತುತಪ್ರಸಂಗಿಯು ಅಡ್ಡಮಾತುಗಳಿಂದ ಕೆಣಕುತ್ತಲೇ ಇರುತ್ತಾನೆ; ಅವಧಾನಿಯು ಪದ್ಯಕ್ಕೆ ಮರಳುತ್ತಲೇ ಇರುತ್ತಾನೆ. ಈ ಮಕ್ಕಳ ತಲೆಯೊಳಗೆ ಆ ಪ್ರಸಂಗಿ ಹಗಲಿರುಳೂ ಕುಳಿತಿದ್ದಾನೆ. ಅವನನ್ನು ಓಡಿಸಲಾಗದು, ಮರಳುವ ದಾರಿಯನ್ನು ಕಲಿಸಬಹುದು.

ಕಲಿಸುವುದಕ್ಕೆ ಹಣವೇನೂ ಬೇಡ. ಕಥೆಯನ್ನು ಮೊದಲು ಬಾಯಲ್ಲಿ ಹೇಳಿಸಿ ಮೊಬೈಲಿನಲ್ಲಿ ಹಿಡಿದಿಡಬೇಕು. ಕಾಲು ಗಂಟೆ ಬರೆದು, ಎದ್ದು ತಿರುಗಾಡಿ, ಮತ್ತೆ ಕೂರಲಿ. ಶನಿವಾರಕ್ಕೆ ಕಥೆ ಎಲ್ಲಿ ಎಂದು ಕೇಳುವ ಸ್ನೇಹಿತನೊಬ್ಬನಿರಲಿ. ತಿದ್ದುವ ಕೆಲಸ ಬೇರೊಂದು ದಿನಕ್ಕೆ. ಔಷಧ ಬೇಕೇ ಬೇಡವೇ ಎಂಬುದನ್ನು ವೈದ್ಯರು ಹೇಳಲಿ. ಕಲ್ಪನೆ ಬತ್ತುವುದೆಂಬ ಭಯದಿಂದ ಅವರ ಬಳಿಗೇ ಹೋಗದಿರುವುದು ಅವಿವೇಕ.

ಸಂತೇಶಿವರದ ದಿವಂಗತ ಭೈರಪ್ಪನವರನ್ನೂ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನೂ ಕೊಟ್ಟ ಜಿಲ್ಲೆಯಿದು. (ಅವರ ಮೇಲೆ ಈ ಸ್ಥಿತಿಯನ್ನು ನಾವು ಹೊರಿಸುತ್ತಿಲ್ಲ.) ಇಲ್ಲಿ ಕಥೆ ಹೇಳಬಲ್ಲ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುವುದು ನಮಗೆ ಒಪ್ಪದು. ಮಕ್ಕಳ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟ ಉಪಾಧ್ಯಾಯರಿಗೆ ಮುಂದೇನೆಂಬುದನ್ನು ತಿಳಿಸುವವರು ಬೇಕು. ಇಲಾಖೆಯವರು ಬರುವ ಶಿಕ್ಷಕರ ತರಬೇತಿಯಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟು, ನಾಲ್ಕೂ ತಾಲ್ಲೂಕುಗಳಿಗೆ ಮನೋವೈದ್ಯರನ್ನು ಕರೆಸಬೇಕೆಂದು ಕೋರುತ್ತೇವೆ.