ಸಣ್ಣ ವರ್ತಕರೂ ಜಾಲತಾಣಗಳೂ

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಬೇಕರಿ, ಚಹದಂಗಡಿ, ಕಾಯಿಪಲ್ಲೆಯ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿಗಳು ತೂಗಿದ್ದನ್ನು ವಾಚಕರು ಮರೆತಿರಲಾರರು. ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯವರು ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳುಹಿದರು. ವರ್ತಕರು ಬಂದ್ ಮಾಡುವುದಾಗಿ ಸಾರಿದರು. ಮುಖ್ಯಮಂತ್ರಿಗಳು ಅವರ ಮುಖಂಡರನ್ನು ಕರೆಯಿಸಿ ಮಾತನಾಡಿದ ಮೇಲೆ ಗದ್ದಲವು ಶಾಂತವಾಯಿತು. ಆ ಪ್ರಕರಣದ ನ್ಯಾಯಾನ್ಯಾಯಗಳನ್ನು ಇಲ್ಲಿ ಮತ್ತೆ ಕೆದಕುವ ಇಚ್ಛೆ ನಮಗಿಲ್ಲ. ಆದರೆ ಅದರಿಂದ ಒಂದು ಸಂಗತಿಯು ಎಲ್ಲರ ಕಣ್ಣಿಗೂ ಬಿದ್ದಿತು. ನಮ್ಮ ಸಣ್ಣ ವ್ಯಾಪಾರವು ಯಾರ ಅಪ್ಪಣೆಯನ್ನೂ ಕಾಯದೆ, ಯಾವ ತರಬೇತನ್ನೂ ಪಡೆಯದೆ ಮೊಬೈಲಿನೊಳಗೆ ಹೊಕ್ಕು ಕುಳಿತಿದೆ. ಅದರ ಲೆಕ್ಕವು ಬ್ಯಾಂಕಿನವರ ಕೈಯಲ್ಲಿದೆ, ಇಲಾಖೆಯವರ ಕೈಯಲ್ಲಿದೆ, ವರ್ತಕನ ಕೈಯಲ್ಲಿ ಮಾತ್ರ ಇಲ್ಲ.

ಹಣದ ವಿಷಯದಲ್ಲಿ ಆದುದೇ ಅಂಗಡಿಯ ವಿಷಯದಲ್ಲಿಯೂ ಆಗುತ್ತಿದೆ. ಇಲಕಲ್ಲಿನ ಸೀರೆ, ಚನ್ನಪಟ್ಟಣದ ಬೊಂಬೆ, ಬ್ಯಾಡಗಿಯ ಮೆಣಸಿನಪುಡಿ, ಮನೆಯಲ್ಲಿ ಕುಟ್ಟಿದ ಶೇಂಗಾ ಚಟ್ನಿ ಇವೆಲ್ಲವೂ ಇಂದು ಅಂತರ್ಜಾಲದಲ್ಲಿ ಮಾರಾಟವಾಗುತ್ತವೆ. ಮಾರುವವರಲ್ಲಿ ಬಹುಮಂದಿಗೆ ಸ್ವಂತದ ಜಾಲತಾಣವೇ ಇಲ್ಲ. ಕೆಲವರು ಅಮೆಜಾನ್, ಫ್ಲಿಪ್‌ಕಾರ್ಟುಗಳ ಸಂತೆಯಲ್ಲಿ ಒಂದು ಮೂಲೆ ಹಿಡಿದಿರುತ್ತಾರೆ. ಉಳಿದವರು ಇನ್‌ಸ್ಟಾಗ್ರಾಮು, ವಾಟ್ಸಾಪುಗಳಲ್ಲಿ ಚಿತ್ರ ಹಾಕಿ ಗಿರಾಕಿಯನ್ನು ಕಾಯುತ್ತಾರೆ. ಎರಡೂ ಕಡೆಗಳಲ್ಲಿ ಅವರು ಬಾಡಿಗೆದಾರರು. ಅದೂ ಕರಾರುಪತ್ರವನ್ನು ಓದದೆ ಒಳಹೊಕ್ಕ ಬಾಡಿಗೆದಾರರು.

ಈ ಸಂತೆಯ ಒಡೆಯರು ಯಾರೆಂಬುದನ್ನು ಒಮ್ಮೆ ನೋಡೋಣ. ಫ್ಲಿಪ್‌ಕಾರ್ಟು 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಸಂಸ್ಥೆ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿಯು ಸುಮಾರು 1600 ಕೋಟಿ ಡಾಲರುಗಳನ್ನು ತೆತ್ತು ಅದರ ನೂರಕ್ಕೆ 77 ಪಾಲನ್ನು ಕೊಂಡುಕೊಂಡಿತು. ಅಮೆಜಾನ್ ಅಂತೂ ಮೊದಲಿನಿಂದಲೂ ಪರದೇಶದ್ದೇ. ಈ ಎರಡೂ ಸಂಸ್ಥೆಗಳು ತಮಗೆ ಬೇಕಾದ ಕೆಲವೇ ಮಾರಾಟಗಾರರನ್ನು ಮುಂದೆ ಮಾಡುತ್ತವೆಂದು ದಿಲ್ಲಿಯ ವರ್ತಕರ ಸಂಘದವರು ದೂರಿದ ಮೇಲೆ, 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ತನಿಖೆಗೆ ಆಜ್ಞೆ ಮಾಡಿತು. ಕಂಪನಿಗಳು ಆ ಆಜ್ಞೆಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿ 2021ರಲ್ಲಿ ಸೋತವು. ಹೀಗಿದ್ದರೂ ಆ ಸಂತೆಗಳನ್ನು ಬಹಿಷ್ಕರಿಸಿರೆಂದು ನಾವು ಹೇಳುವವರಲ್ಲ. ಗಿರಾಕಿಯು ಅಲ್ಲಿರುವಾಗ ವರ್ತಕನೂ ಅಲ್ಲಿಗೆ ಹೋಗಲೇಬೇಕು. ನಮ್ಮ ಮಾತು ಇಷ್ಟೇ: ಸಂತೆಯಲ್ಲಿ ಹಾಸಿಗೆ ಹಾಸಿ ಮಾರುವವನಿಗೂ ಊರಿನಲ್ಲಿ ಸ್ವಂತದ ಒಂದು ಅಂಗಡಿ ಇರಬೇಕು. ಸ್ವದೇಶಿ ಎಂಬ ಮಾತನ್ನು ನಾವು ಇಷ್ಟು ದಿನ ಸರಕಿಗೆ ಮಾತ್ರ ಅನ್ವಯಿಸುತ್ತ ಬಂದೆವು. ಸರಕು ಸ್ವದೇಶಿಯಾಗಿ ಅಂಗಡಿಯ ಬಾಗಿಲಿನ ಕೀಲಿಕೈ ಪರದೇಶದವರ ಕೈಯಲ್ಲಿದ್ದರೆ ಆ ವ್ಯಾಪಾರವನ್ನು ಏನೆಂದು ಕರೆಯಬೇಕು?

ಕೀಲಿಕೈ ಪರರ ಕೈಯಲ್ಲಿದ್ದರೆ ಏನಾಗುವುದೆಂಬುದಕ್ಕೆ ನಿದರ್ಶನಗಳನ್ನು ದೂರ ಹುಡುಕಬೇಕಾಗಿಲ್ಲ. 2020ರ ಜೂನ್ 29ರಂದು ಭಾರತ ಸರಕಾರವು ಟಿಕ್‌ಟಾಕ್ ಮೊದಲಾದ 59 ಚೀನೀ ಆ್ಯಪುಗಳನ್ನು ನಿಷೇಧಿಸಿತು. ಆ ಕ್ರಮವು ಯೋಗ್ಯವೇ ಆಗಿತ್ತೆಂದು ನಾವು ಇಂದಿಗೂ ಹೇಳುವೆವು. ಆದರೆ ಅದನ್ನೇ ನಂಬಿ ಗಿರಾಕಿಗಳನ್ನು ಕೂಡಿಸಿದ್ದ ಬಡ ವ್ಯಾಪಾರಿಯ ಪಾಲಿಗೆ ಒಂದೇ ರಾತ್ರಿಯಲ್ಲಿ ಎಲ್ಲ ಗಿರಾಕಿಗಳೂ ಮಾಯವಾದರು. ಅವರ ಹೆಸರಾಗಲಿ ದೂರವಾಣಿಯ ಸಂಖ್ಯೆಯಾಗಲಿ ಅವನ ಬಳಿ ಉಳಿಯಲಿಲ್ಲ. ಮರುವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪು ಮೂರೂ ಜಗತ್ತಿನಾದ್ಯಂತ ಸುಮಾರು ಆರು ತಾಸು ನಿಂತುಹೋದವು. ನಮ್ಮಲ್ಲಿ ಅದು ಒಂಬತ್ತು ಗಂಟೆಯ ಸುಮಾರಿಗೆ ತೊಡಗಿ ಬೆಳಗಿನ ಜಾವದವರೆಗೆ ನಡೆದುದರಿಂದ ಹಾನಿಯು ಕಡಿಮೆಯಾಯಿತು. ಹಗಲಾಗಿದ್ದರೆ, ಅದೂ ದಸರೆಯ ವಾರವಾಗಿದ್ದರೆ, ಕಥೆ ಬೇರೆಯಾಗುತ್ತಿತ್ತು.

ಆದ್ದರಿಂದ ಸಣ್ಣ ವರ್ತಕನು ಸ್ವಂತದ ಜಾಲತಾಣವನ್ನು ಮಾಡಿಕೊಳ್ಳುವುದು ಅವಶ್ಯವಾಗಿದೆ. ಇಷ್ಟನ್ನು ಈಗ ಎಲ್ಲರೂ ಹೇಳುತ್ತಾರೆ. ಆದರೆ ಮಾಡಿಕೊಂಡವರಲ್ಲಿಯೂ ಅನೇಕರು ಒಂದು ಮುಖ್ಯ ಸಂಗತಿಯಲ್ಲಿ ಎಡವುತ್ತಿದ್ದಾರೆ. ಅದು ಖಾತೆಯ ಸಂಗತಿ. ಮನೆ ಕೊಂಡವನು ಮೊದಲು ಖಾತೆಯು ತನ್ನ ಹೆಸರಿಗೆ ಆಯಿತೋ ಇಲ್ಲವೋ ನೋಡುತ್ತಾನೆ. ಜಾಲತಾಣಕ್ಕೂ ಹಾಗೆಯೇ ಒಂದು ಖಾತೆಯುಂಟು. ಅದಕ್ಕೆ ಡೊಮೇನ್ ಎನ್ನುತ್ತಾರೆ. ಗಿರಾಕಿಯು ಮೊಬೈಲಿನಲ್ಲಿ ಒತ್ತುವ ವಿಳಾಸವೇ ಅದು. ‘ಡಾಟ್ ಇನ್’ ಎಂದು ಮುಗಿಯುವ ಭಾರತದ ವಿಳಾಸಗಳನ್ನು ನಿಕ್ಸಿ ಎಂಬ ಸಂಸ್ಥೆಯು ನೋಡಿಕೊಳ್ಳುತ್ತದೆ. 2005ರಿಂದ ಅವು ಸಾರ್ವಜನಿಕರೆಲ್ಲರಿಗೂ ದೊರೆಯುತ್ತಿವೆ. ನಮ್ಮ ಲಿಪಿಯಲ್ಲಿಯೇ ‘.ಭಾರತ’ ಎಂದು ಮುಗಿಯುವ ವಿಳಾಸವೂ ಉಂಟೆಂಬುದು ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ ನಾವರಿಯೆವು. ವರ್ಷಕ್ಕೆ ಸಾಮಾನ್ಯವಾಗಿ ಒಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುವ ಖರ್ಚಿದು.

ಎಡವಟ್ಟಾಗುವ ರೀತಿ ಹೀಗೆ. ವರ್ತಕನು ಜಾಲತಾಣ ಕಟ್ಟುವ ಒಬ್ಬ ತರುಣನಿಗೆ ಇಡೀ ಕೆಲಸವನ್ನು ಒಪ್ಪಿಸುತ್ತಾನೆ. ತರುಣನು ಅನುಕೂಲಕ್ಕಾಗಿ ವಿಳಾಸವನ್ನು ತನ್ನ ಹೆಸರಿನಲ್ಲಿ, ತನ್ನ ಇ-ಮೇಲಿನಲ್ಲಿ, ತನ್ನ ಮೊಬೈಲ್ ಸಂಖ್ಯೆಯಲ್ಲಿ ದಾಖಲು ಮಾಡಿಸುತ್ತಾನೆ. ಇದರಲ್ಲಿ ಕಪಟವಿರಲೇಬೇಕೆಂದಿಲ್ಲ. ಎರಡು ವರ್ಷಗಳ ತರುವಾಯ ಅವನು ಬೇರೆ ಊರಿಗೆ ನೌಕರಿಗೆ ಹೋಗುತ್ತಾನೆ, ನವೀಕರಣದ ಸೂಚನೆಯು ಅವನ ಹಳೆಯ ಇ-ಮೇಲಿಗೆ ಬಂದು ಬೀಳುತ್ತದೆ, ಗಡುವು ಮೀರುತ್ತದೆ, ಹೆಸರು ಕೈತಪ್ಪುತ್ತದೆ. ಬಿಟ್ಟುಹೋದ ಹೆಸರುಗಳನ್ನು ಹೊಂಚಿ ಹಿಡಿದು ಹತ್ತುಪಟ್ಟು ಬೆಲೆಗೆ ಮಾರುವ ದಂಧೆಯವರೂ ಇದ್ದಾರೆ. ಪೆಟ್ಟಿಗೆಗಳ ಮೇಲೆ, ರಸೀದಿಗಳ ಮೇಲೆ, ಅಂಗಡಿಯ ಫಲಕದ ಮೇಲೆ ಅಚ್ಚಾದ ವಿಳಾಸವು ಯಾವುದೋ ಜೂಜಿನ ತಾಣಕ್ಕೆ ದಾರಿ ತೋರಿಸತೊಡಗಿದಾಗ ವರ್ತಕನಿಗೆ ಎಚ್ಚರವಾಗುತ್ತದೆ. ‘ಡಾಟ್ ಇನ್’ ಹೆಸರುಗಳ ವ್ಯಾಜ್ಯವನ್ನು ತೀರಿಸಲು ಪಂಚಾಯತಿಯ ಒಂದು ಕ್ರಮವೇನೋ ಇದೆ. ಆದರೆ ಆ ಹೆಸರಿನಲ್ಲಿ ತನಗೆ ಹಕ್ಕುಂಟೆಂದು ಸಾಧಿಸುವ ಹೊಣೆಯು ದೂರುವವನ ಮೇಲೆಯೇ ಇರುವುದು. ಅಲ್ಲಿಯವರೆಗೆ ಹೋಗುವುದಕ್ಕಿಂತ ಇಂದೇ ಎದ್ದು, ದಾಖಲೆಯಲ್ಲಿ ಯಾರ ಹೆಸರಿದೆ, ಯಾರ ಇ-ಮೇಲಿದೆ ಎಂದು ನೋಡಿಕೊಳ್ಳುವುದು ಲೇಸು. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆಗೇ ನವೀಕರಿಸುವ ಸೌಕರ್ಯವೂ ಇದೆ. ತಾಣವನ್ನು ಇರಿಸಿದ ಸರ್ವರಿನ ಗುಪ್ತಪದವು ವರ್ತಕನ ಬಳಿ ಇರಲಿ. ತಿಂಗಳಿಗೊಮ್ಮೆ ಇಡೀ ತಾಣದ ಪ್ರತಿಯನ್ನು ತೆಗೆದು ಬೇರೊಂದು ಕಡೆ ಇಡುವ ರೂಢಿಯಾಗಲಿ. ವರ್ಡ್‌ಪ್ರೆಸ್ಸಿನಂಥ ಮುಕ್ತ ತಂತ್ರಾಂಶದಲ್ಲಿ ತಾಣವನ್ನು ಕಟ್ಟಿಸಿದರೆ ಕಟ್ಟಿದವನು ಬಿಟ್ಟುಹೋದರೂ ಇನ್ನೊಬ್ಬನು ಬಂದು ಮುಂದುವರಿಸಬಲ್ಲನು.

ಇನ್ನು ತಾಣದಲ್ಲಿ ಏನಿರಬೇಕು? ನಮ್ಮ ವರ್ತಕರ ತಾಣಗಳನ್ನು ತೆರೆದರೆ ಮೊದಲು ಕಾಣುವುದು ಒಂದರ ಹಿಂದೊಂದು ಜಾರುವ ದೊಡ್ಡ ಚಿತ್ರಗಳು, ಗುಣಮಟ್ಟವೇ ನಮ್ಮ ಉಸಿರು ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯ. ಬೆಲೆ ಎಲ್ಲಿ? ವಿಳಾಸ ಎಲ್ಲಿ? ದೂರವಾಣಿ ಎಲ್ಲಿ? ಅವನ್ನು ಹುಡುಕುವಷ್ಟರಲ್ಲಿ ಗಿರಾಕಿಯು ಬೇಸತ್ತು ಹೊರಡುತ್ತಾನೆ. ಇಲಕಲ್ ಸೀರೆಯನ್ನೇ ತೆಗೆದುಕೊಳ್ಳೋಣ. ಅಂಗಡಿಗೆ ಬಂದ ಹೆಣ್ಣುಮಗಳು ಸೀರೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ, ಮಡಿಕೆ ಬಿಚ್ಚಿಸುತ್ತಾಳೆ, ಹತ್ತು ಪ್ರಶ್ನೆ ಕೇಳುತ್ತಾಳೆ. ಜಾಲತಾಣದಲ್ಲಿ ಬೆರಳಿಗೆ ಕೆಲಸವಿಲ್ಲವಾದುದರಿಂದ ಆ ಹತ್ತು ಪ್ರಶ್ನೆಗಳ ಉತ್ತರವು ಮೊದಲೇ ಬರೆದಿರಬೇಕು. ಮೈ ಹತ್ತಿಯದೋ ಕೃತಕ ರೇಷ್ಮೆಯದೋ, ಸೆರಗು ಯಾವ ರೇಷ್ಮೆಯದು, ದಡಿ ಗೋಮಿಯೋ ಚಿಕ್ಕಿಯೋ, ಕೈಮಗ್ಗದ್ದೋ ಯಂತ್ರಮಗ್ಗದ್ದೋ, ಉದ್ದವೆಷ್ಟು, ಕುಪ್ಪಸದ ಬಟ್ಟೆ ಕೂಡಿದೆಯೋ, ತೊಳೆಯುವ ಬಗೆ ಹೇಗೆ ಇಷ್ಟನ್ನೂ ಸಾದಾ ಮಾತಿನಲ್ಲಿ ಹೇಳಿದರೆ ಸಾಕು. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುವುದೇ ಇಲಕಲ್ ಕೈಮಗ್ಗದ ಹೆಗ್ಗುರುತು. ಆ ಜೋಡಣೆಯ ಒಂದು ಸಮೀಪದ ಚಿತ್ರವು ಯಾವ ಹೊಗಳಿಕೆಗಿಂತಲೂ ಹೆಚ್ಚು ನಂಬಿಕೆಯನ್ನು ಹುಟ್ಟಿಸುವುದು. ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಬೇಕು. ಇಲ್ಲದಿದ್ದರೆ ದಾಳಿಂಬೆ ಬಣ್ಣದ ಸೀರೆ ಇಟ್ಟಿಗೆ ಬಣ್ಣದ್ದಾಗಿ ಕಂಡು, ಕೊಂಡವರು ಹಿಂದಿರುಗಿಸುತ್ತಾರೆ. ತೆಗೆದ ಚಿತ್ರವನ್ನು ಕಿರಿದು ಮಾಡಿಯೇ ತಾಣಕ್ಕೆ ಏರಿಸಬೇಕು. ಮೊಬೈಲ್ ಸಂಪರ್ಕವು ದುರ್ಬಲವಾಗಿರುವ ಹಳ್ಳಿಗಳಲ್ಲಿ ಭಾರವಾದ ತಾಣವು ತೆರೆಯುವುದೇ ಇಲ್ಲ.

ತಾಣದ ವಿಳಾಸವು ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗಿರಬೇಕೆಂಬುದನ್ನೂ ಹೇಳಿಬಿಡುತ್ತೇವೆ. ಹಾಗಿಲ್ಲದ ತಾಣಗಳನ್ನು ಗೂಗಲ್ಲಿನ ಕ್ರೋಮ್ 2018ರಿಂದ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತ ಬಂದಿದೆ. ಇದಕ್ಕೆ ಬೇಕಾದ ಪ್ರಮಾಣಪತ್ರವು ಉಚಿತವಾಗಿಯೇ ದೊರೆಯುವಾಗ ಅದಕ್ಕಾಗಿ ಸಾವಿರಾರು ರೂಪಾಯಿ ಕೇಳುವವರನ್ನು ನಂಬಬೇಕಾಗಿಲ್ಲ.

ಭಾಷೆಯ ವಿಷಯಕ್ಕೆ ಬರೋಣ. ಹುಬ್ಬಳ್ಳಿಯವನು ಗದಗಿನವರಿಗೆ ಮಾರುವ ತಾಣದಲ್ಲಿ ಒಂದೇ ಒಂದು ಕನ್ನಡದ ಅಕ್ಷರವಿಲ್ಲದಿರುವುದು ನಮಗೆ ಲಜ್ಜೆಯ ಸಂಗತಿಯಾಗಿ ತೋರುತ್ತದೆ. ಲಜ್ಜೆಯನ್ನು ಬದಿಗಿಟ್ಟು ಲಾಭವನ್ನೇ ನೋಡಿದರೂ ಅದು ತಪ್ಪು ಲೆಕ್ಕ. ಕನ್ನಡದಲ್ಲಿ ಹುಡುಕುವವರಿಗೆ ಕನ್ನಡದ ತಾಣವೇ ಸಿಗಬೇಕಷ್ಟೆ. ಕೆಲವರು ಕನ್ನಡದಲ್ಲಿ ಬರೆದೂ ಕೆಡಿಸುತ್ತಾರೆ. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರರೂಪದಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಎತ್ತಿ ತಾಣಕ್ಕೆ ಹಾಕಿದರೆ ಗಿರಾಕಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇನ್ನು ಕೆಲವರು ಅದಕ್ಕೆ ಹೆದರಿ ಬರಹವನ್ನೆಲ್ಲ ಚಿತ್ರವಾಗಿ ಮಾಡಿ ಅಂಟಿಸುತ್ತಾರೆ; ಅಂಥ ಬರಹವು ಹುಡುಕಾಟಕ್ಕೆ ಸಿಕ್ಕುವುದೇ ದುರ್ಲಭ. ಯೂನಿಕೋಡಿನಲ್ಲಿಯೇ ಬರೆಯಬೇಕು. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಬಿಟ್ಟಿಯಾಗಿ ಸಿಗುತ್ತವೆ. ಹೊರರಾಜ್ಯದ ಗಿರಾಕಿಗಳಿಗಾಗಿ ಇಂಗ್ಲಿಷೂ ಪಕ್ಕದಲ್ಲಿರಲಿ, ಬೇಡವೆಂದವರಾರು?

ಕಾಯದೆಯ ಸಂಗತಿಯನ್ನು ವರ್ತಕರು ಅಲಕ್ಷ್ಯ ಮಾಡಿರುವಷ್ಟು ಮತ್ತಾವುದನ್ನೂ ಮಾಡಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು ದೊಡ್ಡ ಕಂಪನಿಗಳಿಗೆ ಮಾತ್ರವೆಂದು ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. ಸ್ವಂತ ತಾಣದಲ್ಲಿ ನಿಯತವಾಗಿ ಮಾರುವವನೂ ತನ್ನ ಸಂಸ್ಥೆಯ ಹೆಸರು, ವಿಳಾಸ, ಸಂಪರ್ಕದ ವಿವರ, ದೂರು ಕೇಳುವವರ ಹೆಸರು ಇವುಗಳನ್ನು ತೋರಿಸಬೇಕು; ದೂರು ಬಂದ 48 ತಾಸುಗಳೊಳಗೆ ತಲುಪಿತೆಂದು ತಿಳಿಸಿ ಒಂದು ತಿಂಗಳೊಳಗೆ ತೀರಿಸಬೇಕು. ಪೊಟ್ಟಣ ಕಟ್ಟಿ ಮಾರುವ ಸರಕಿನ ಗರಿಷ್ಠ ಬೆಲೆ, ತೂಕ, ತಯಾರಿಸಿದವರ ವಿಳಾಸ ಮೊದಲಾದವು 2018ರಿಂದ ಪೊಟ್ಟಣದ ಮೇಲಲ್ಲದೆ ತಾಣದ ಮೇಲೂ ಇರಬೇಕಾಗಿದೆ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯಿಲ್ಲದೆ ಚಟ್ನಿಯನ್ನೂ ಮಾರುವಂತಿಲ್ಲ. ಜಿ.ಎಸ್.ಟಿ.ಯಲ್ಲಿ ಸರಕಿನ ವ್ಯಾಪಾರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿಗಳ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲವೆಂಬ ಮಾತು ನಿಜವಾದರೂ, ಅದು ರಾಜ್ಯದೊಳಗಿನ ವ್ಯಾಪಾರಕ್ಕೆ ಸಲ್ಲುವ ಮಾತು. ಸೊಲ್ಲಾಪುರಕ್ಕೆ ಒಂದು ಪಾರ್ಸಲು ಕಳುಹಿದೊಡನೆ ಲೆಕ್ಕವು ಬೇರೆ. ಕೆಲವು ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಉಂಟು. ಯಾವುದಕ್ಕೆ ಉಂಟು, ಎಷ್ಟರವರೆಗೆ ಉಂಟು ಎಂಬುದನ್ನು ಲೆಕ್ಕಿಗರಿಂದ ಮೊದಲೇ ಕೇಳಿಕೊಳ್ಳಬೇಕು, ನೋಟೀಸು ಬಂದ ಮೇಲಲ್ಲ.

ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಿರುವ ಒಂದು ದುಶ್ಚಟದ ಬಗೆಗೂ ಎರಡು ಮಾತು ಬರೆಯಬೇಕಾಗಿದೆ. ಗೋದಾಮಿನಲ್ಲಿ ಇನ್ನೂರು ಡಬ್ಬಿಗಳಿರುವಾಗ ‘ಇನ್ನೆರಡೇ ಉಳಿದಿವೆ’ ಎಂದು ಬರೆಯುವುದು, ಕೊನೆಯ ಗಳಿಗೆಯಲ್ಲಿ ಬೇರೆ ಶುಲ್ಕಗಳನ್ನು ಸೇರಿಸಿ ಬೆಲೆ ಏರಿಸುವುದು ಇಂಥ 13 ಬಗೆಯ ಕುಯುಕ್ತಿಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿಗಳಲ್ಲಿ ಕೇಂದ್ರದ ಗ್ರಾಹಕ ಪ್ರಾಧಿಕಾರವು ನಿಷೇಧಿಸಿದೆ. ಸಾಗಣೆಯ ಖರ್ಚನ್ನು ಬೆಲೆಯ ಪಕ್ಕದಲ್ಲಿಯೇ ಹೇಳಿಬಿಡುವ ವರ್ತಕನು ಒಬ್ಬಿಬ್ಬರು ಗಿರಾಕಿಗಳನ್ನು ಕಳೆದುಕೊಂಡಾನು. ಉಳಿದವರು ಎರಡನೆಯ ಸಾರಿಯೂ ಬರುತ್ತಾರೆ. ಹಣ ಪಡೆಯುವಲ್ಲಿ ಯು.ಪಿ.ಐ.ನಷ್ಟು ಅಗ್ಗದ ಸಾಧನ ಬೇರೊಂದಿಲ್ಲ. ಆದರೆ ಹಣ ಕಳಿಸಿದೆವೆಂದು ಗಿರಾಕಿಯು ತೋರಿಸುವ ಪರದೆಯ ಚಿತ್ರವನ್ನು ನಂಬದೆ, ತನ್ನ ಬ್ಯಾಂಕಿನ ಲೆಕ್ಕದಲ್ಲಿ ಜಮೆಯಾಯಿತೋ ಎಂದು ನೋಡಿಯೇ ಸರಕನ್ನು ಬಿಡಬೇಕು.

ಅಧಿಕಾರಿವರ್ಗದವರಿಗೂ ನಮ್ಮ ಬಿನ್ನಹವಿದೆ. ಮೇಲೆ ಹೇಳಿದ ನಿಯಮಗಳು ಬೇರೆ ಬೇರೆ ಇಲಾಖೆಗಳಲ್ಲಿ, ಕಾಯದೆಯ ಇಂಗ್ಲಿಷಿನಲ್ಲಿ ಚದುರಿ ಬಿದ್ದಿವೆ. ಪದವೀಧರರಿಗೇ ತೊಡಕಾಗುವ ಈ ಬರಹವನ್ನು ಶೇಂಗಾ ಚಟ್ನಿ ಮಾರುವ ಗೃಹಿಣಿಯು ಓದಿ ತಿಳಿದುಕೊಳ್ಳಲೆಂದು ಕಾಯುವುದು, ತಿಳಿಯದಿದ್ದಾಗ ದಂಡ ಹಾಕುವುದು ನ್ಯಾಯವಲ್ಲ. ಪ್ರತಿಯೊಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಾರಕ್ಕೊಂದು ದಿನವಾದರೂ ಜಾಲತಾಣದ ಖಾತೆ, ನೋಂದಣಿ, ತೆರಿಗೆ ಇವುಗಳ ಬಗೆಗೆ ಕನ್ನಡದಲ್ಲಿ ಹೇಳಿಕೊಡುವ ಒಬ್ಬರು ಕುಳಿತಿರಬೇಕು. ವಿಶ್ವೇಶ್ವರಯ್ಯನವರು 1916ರಲ್ಲಿ ನೆಟ್ಟ ವಾಣಿಜ್ಯ ಮಂಡಳಿಯು ಇಂದು ರಾಜ್ಯದ ಮಹಾಮಂಡಳಿಯಾಗಿ ಬೆಳೆದಿದೆ. ಅದರವರೂ ಜಿಲ್ಲೆಯ ವರ್ತಕರ ಸಂಘದವರೂ ಕೂಡಿ ಮೂವತ್ತು ಪುಟಗಳ ಒಂದು ಕನ್ನಡ ಕೈಪಿಡಿಯನ್ನು, ತಾಣದಲ್ಲಿ ಹಾಗೆಯೇ ಹಾಕಿಕೊಳ್ಳಬಹುದಾದ ಷರತ್ತುಗಳ ಒಂದು ಮಾದರಿಯನ್ನು ಅಚ್ಚು ಹಾಕಿಸುವುದು ಅಸಾಧ್ಯವೇನಲ್ಲ. ದೀಪಾವಳಿಯ ಪಾಡ್ಯಕ್ಕೆ ನಮ್ಮ ವರ್ತಕರು ಹೊಸ ಖಾತೆಯ ಪುಸ್ತಕ ತೆರೆಯುವ ಮುನ್ನ ಈ ಕೈಪಿಡಿಯು ಅವರ ಗಾದಿಗೆ ಬಂದು ತಲುಪುವಂತಾಗಬೇಕು.