ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ಸಾಲು



2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವೆಲ್ಲ ಮಾತಾಡಿತು. ಆಡಲೇಬೇಕಿತ್ತು. ಆದರೆ ಸಿಸೇರಿಯನ್ ಆದವಳು ಮತ್ತೆ ಯಾವಾಗ ಬಸುರಾಗಬಹುದು ಎಂಬ ಮಾತು ನಮ್ಮ ಹೆರಿಗೆ ವಾರ್ಡುಗಳಲ್ಲೇ ಸರಿಯಾಗಿ ನಡೆಯುತ್ತಿಲ್ಲ.

ಉಪಕೇಂದ್ರದಲ್ಲಿ ದುಡಿಯುವಾಗ ಕಂಡ ಒಬ್ಬ ಹುಡುಗಿಯನ್ನು ನಾನು ಮರೆತಿಲ್ಲ. ಮೊದಲನೆಯದು ಸಿಸೇರಿಯನ್, ಹೆಣ್ಣು ಮಗು. ಮಗುವಿಗೆ ಏಳು ತಿಂಗಳಾಗುವಷ್ಟರಲ್ಲಿ ಮತ್ತೆ ಬಸುರು. "ಹಾಲು ಕುಡಿಸ್ತಿದ್ದೆ, ಮುಟ್ಟೂ ಆಗಿರಲಿಲ್ಲ ಸಿಸ್ಟರ್" ಅಂದಳು. ಅತ್ತೆಯದು ಒಂದೇ ಮಾತು: "ಎರಡೂ ಬೇಗ ಆಗಿಬಿಡ್ಲಿ, ಆಮೇಲೆ ಆಪರೇಷನ್ ಮಾಡಿಸಿಬಿಡೋಣ." ಎಂಟನೇ ತಿಂಗಳಲ್ಲಿ ನೋವೇ ಇಲ್ಲದೆ ರಕ್ತ ಹೋಗತೊಡಗಿತು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತು, ಹಳೆಯ ಹೊಲಿಗೆಯ ಕಲೆಯೊಳಕ್ಕೆ ಬೇರು ಬಿಟ್ಟಿತ್ತು. ಕೊನೆಗೆ ಗರ್ಭಕೋಶವನ್ನೇ ತೆಗೆದು ಅವಳ ಜೀವ ಉಳಿಸಿದರು. ವಯಸ್ಸು ಇಪ್ಪತ್ತೆರಡು. ಮೊದಲ ಹೆರಿಗೆಯ ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ಬಿಚ್ಚಿಸುವ ದಿನವಿತ್ತು, ಮಾತ್ರೆಗಳ ಹೆಸರಿತ್ತು. ಅಂತರದ ಬಗ್ಗೆ ಒಂದಕ್ಷರ ಇರಲಿಲ್ಲ. ಮಗುವಿನ ಲಸಿಕೆಗೆ ಅವಳು ಬಂದಾಗಲೆಲ್ಲ ನಾನೂ ಅದರ ಬಗ್ಗೆ ಕೇಳಿರಲಿಲ್ಲ. ಆ ಸಂಕಟ ಇವತ್ತಿಗೂ ಇದೆ.

ಅಂತರ ಸಾಲದ್ದೊಂದೇ ಕಾರಣ ಎನ್ನುತ್ತಿಲ್ಲ. ಸಿಸೇರಿಯನ್‌ಗಳ ಸಂಖ್ಯೆ ಏರಿದಂತೆ ಮಾಸು ಹೀಗೆ ಅಂಟಿಕೊಳ್ಳುವ ಅಪಾಯ ಏರುತ್ತದೆ. ಗಾಯ ಪೂರ್ತಿ ಮಾಯುವ ಮೊದಲೇ ಗರ್ಭ ನಿಂತರೆ ಅದು ಇನ್ನಷ್ಟು ಹೆಚ್ಚು, ಹೆರಿಗೆ ನೋವಿನಲ್ಲಿ ಹಳೆಯ ಕಲೆ ಬಿರಿಯುವ ಭಯ ಬೇರೆ. ಹೆರಿಗೆಯಾಗಿ ಕನಿಷ್ಠ 24 ತಿಂಗಳಾದ ಮೇಲೆಯೇ ಮುಂದಿನ ಗರ್ಭದ ಯೋಚನೆ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಇಷ್ಟು ಹೆಂಗಸರನ್ನು ಈ ಮಾತು ಹೇಳದೆ ಮನೆಗೆ ಕಳಿಸಬಹುದೇ?

ಮುಂದಿನ ಗರ್ಭವನ್ನು ಮುಂದೂಡಲು ದಾರಿಗಳಿಲ್ಲವೆಂದಲ್ಲ. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್-ಟಿ ಹಾಕಬಹುದು; ಸಿಸೇರಿಯನ್ ಆದರೆ ಗರ್ಭಕೋಶ ಹೊಲಿಯುವ ಮುಂಚೆಯೇ ಹಾಕಬಹುದು. ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಆದರೂ ಕುಟುಂಬ ಯೋಜನೆ ಎಂದರೆ ನಮ್ಮಲ್ಲಿ ಇವತ್ತಿಗೂ ಹೆಂಗಸಿನ ಆಪರೇಷನ್ನೇ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇಷ್ಟೇ. ಸಿಸೇರಿಯನ್ ಆದ ಪ್ರತಿಯೊಬ್ಬಳ ಡಿಸ್ಚಾರ್ಜ್ ಚೀಟಿಯಲ್ಲಿ, ತಾಯಿ ಕಾರ್ಡಿನಲ್ಲಿ, "ಇಂಥ ವರ್ಷ, ಇಂಥ ತಿಂಗಳವರೆಗೆ ಬಸುರಾಗಬೇಡಿ" ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಓದಿ ಹೇಳಲಿ, ಏಕೆಂದರೆ ತೀರ್ಮಾನ ಆಗುವುದು ಆ ಹುಡುಗಿಯ ಕೈಯಲ್ಲಲ್ಲ. ಹಾಗಿದ್ದೂ ಬೇಗ ಬಸುರಾದವಳಿಗೆ ಮಾಸು ಹಳೆಯ ಕಲೆಯ ಮೇಲೆ ಕೂತಿದೆಯೇ ಎಂದು ಸ್ಕ್ಯಾನಿಂಗಿನಲ್ಲಿ ಹುಡುಕಿ ನೋಡಲಿ. ಕೂತಿದ್ದರೆ ರಕ್ತಸ್ರಾವ ಶುರುವಾಗುವವರೆಗೆ ಕಾಯದೆ, ರಕ್ತನಿಧಿ ಇರುವ ದೊಡ್ಡ ಆಸ್ಪತ್ರೆಗೆ ಮುಂಚಿತವಾಗಿಯೇ ಸೇರಿಸಲಿ.

— ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಚಿತ್ರದುರ್ಗ ಜಿಲ್ಲೆ